ಮಂದಿ ಕಡೆಯ ಮಾನಿಟರ್

ನನ್ನ ನೆಗೆಣ್ಣಿಯ ಬಲಗೈ ನಡುಬೆರಳಿನ ಉಗುರಿನ ಪಕ್ಕ ಹುಣಸೆ ಬೀಜದಷ್ಟು ಒಂದು ಗಂಟಿತ್ತು. ಪೆನ್ನು ಒತ್ತಿ ಒತ್ತಿ ಎದ್ದದ್ದು, ಕಲ್ಲಿನ ಹಾಗೆ ಗಟ್ಟಿ. ಅವಳು ರೊಟ್ಟಿ ಬಡಿದರೆ ಅಂಚಿನಲ್ಲಿ ಅದರದೊಂದು ಗುಳಿ ಬೀಳುತ್ತಿತ್ತು. ನಮ್ಮತ್ತೆ ಬುಟ್ಟಿಯೊಳಗೆ ಕೈ ಹಾಕಿ, "ಇದು ದೊಡ್ಡಾಕಿದು, ಇದು ಬರಿಯಾಕಿದು" ಎಂದು ಬೇರೆ ಮಾಡುತ್ತಿದ್ದಳು. ದೊಡ್ಡಾಕಿ ನಾನು. ಬರೆಯುವಾಕೆ ನನ್ನ ಮೈದುನನ ಹೆಂಡತಿ.

ಅವಳು ಹರಪನಹಳ್ಳಿ ಕಡೆಯಿಂದ ನಮ್ಮ ಕೊಟ್ಟೂರಿಗೆ ಬಂದವಳು. ನಾವು ಐತಿ ಎಂದರೆ ಅವಳು ಐತೆ ಅನ್ನುತ್ತಿದ್ದಳು. ಮೊದಲ ವರ್ಷ ನಾನು ಅದನ್ನೇ ಹಿಡಿದು ಆಡಿಕೊಂಡೆ. ಹತ್ತನೇ ಇಯತ್ತೆ ಪಾಸಾಗಿದ್ದಳು. ನಾನು ಶಾಲೆಯ ಬಾಗಿಲು ಕಂಡವಳಲ್ಲ. ಓದಿದವಳು ಮನೆಗೆ ಬಂದಳೆಂದು ಎಲ್ಲರೂ ಅವಳನ್ನು ಕೂರಿಸಿ ಮಾತಾಡಿಸುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ. ಒಂದು ತಾಮ್ರದ ಕೊಡದ ಸಲುವಾಗಿ ನಾವಿಬ್ಬರೂ ಎರಡು ವರ್ಷ ಮಾತು ಬಿಟ್ಟದ್ದೂ ಉಂಟು. ಆ ಕೊಡ ಈಗ ತೂತಾಗಿ ಹಿತ್ತಲಲ್ಲಿ ಬಿದ್ದಿದೆ.

ಮೈದುನ ಸಣ್ಣ ವಯಸ್ಸಿಗೇ ತೀರಿಕೊಂಡ. ಮಕ್ಕಳಿರಲಿಲ್ಲ. ತವರಿಗೆ ಹೋಗುತ್ತಾಳೆ ಎಂದು ನಾವು ತಿಳಿದಿದ್ದೆವು. ಅವಳು ಹೋಗಲಿಲ್ಲ. ಒಂದು ಗಿಡ್ಡ ಮೇಜು ಮಾಡಿಸಿಕೊಂಡು, ಅರ್ಜಿ ಬರೆಯುವ ಗಂಡಸರು ಕೂರುತ್ತಿದ್ದ ಬೇವಿನ ಮರದ ಕೆಳಗೆ, ಅವರ ಸಾಲಿನಲ್ಲೇ ಕುಂತಳು. ಊರು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. "ಗಂಡಸರ ಸಾಲಿನ್ಯಾಗ ಮೇಜು ಹಾಕ್ಯಾಳ, ನಾಳಿ ಮೀಸಿ ಬಿಟ್ಟಾಳ" ಎಂದು ಬಾವಿಕಟ್ಟೆಯ ಮೇಲೆ ನಾನೇ ಹೇಳಿದ್ದೆ. ಆ ಮಾತು ಅವಳ ಕಿವಿಗೂ ಬಿದ್ದಿತ್ತು. ಮನೆಗೆ ಬಂದು, "ಅಕ್ಕ, ಮೀಸೆ ಬಂದ್ರೆ ನಿನಗೇ ಮೊದಲು ತೋರಿಸ್ತೀನಿ" ಎಂದು ಕಾಲು ತೊಳೆದುಕೊಂಡು ಒಳಗೆ ಹೋದಳು. ಅಷ್ಟೇ.

ಆರು ತಿಂಗಳಿಗೆ ಗಂಡಸರ ಮೇಜಿನ ಮುಂದೆ ನೊಣ, ಇವಳ ಮೇಜಿನ ಮುಂದೆ ಮಂದಿ. ಕಾರಣ ಇಷ್ಟೇ. ಉಳಿದವರು ಕಾಗದವನ್ನು ತಮ್ಮ ಕಡೆ ಇಟ್ಟುಕೊಂಡು ಬರೆದು, ಮಡಚಿ, ಕೈಗೆ ಕೊಡುತ್ತಿದ್ದರು. ಇವಳು ಬರೆಸುವವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಒಂದು ಸಾಲು ಬರೆಯುವುದು, ಅದರ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದುವುದು, "ಹೌದೋ ಅಲ್ಲೋ?" ಎಂದು ಕೇಳುವುದು. ಹೌದು ಅಂದರೆ ಮಾತ್ರ ಮುಂದಿನ ಸಾಲು. ನನಗೆ ಓದಲು ಬರುವುದಿಲ್ಲವ್ವ ಎಂದು ಯಾರಾದರೂ ಅಂದರೆ, "ಕಿವಿ ಐತಲ್ಲ? ಕಣ್ಣೂ ಐತೆ. ಎರಡನ್ನೂ ಇಲ್ಲಿಡು" ಅನ್ನುತ್ತಿದ್ದಳು.

ಅಳುತ್ತ ಬಂದವರನ್ನು ಸಮಾಧಾನ ಮಾಡುವ ಗುಣ ಅವಳಿಗಿರಲಿಲ್ಲ. ಅರ್ಜಿಯ ತಲೆಯಲ್ಲಿ ಯಾರು ಬರೆಯುತ್ತಿದ್ದಾರೋ ಅವರ ಹೆಸರಿಗೆ 'ಇಂದ' ಎಂದೂ, ಯಾವ ಸಾಹೇಬರಿಗೆ ಹೋಗಬೇಕೋ ಅವರಿಗೆ 'ಗೆ' ಎಂದೂ ಹಾಕುತ್ತಾರಲ್ಲ, ಅದೇ ಅವಳಿಗೆ ಮೊದಲು. "ಮೊದಲು ಇಂದ ಹೇಳು. ಆಮೇಲೆ ಗೆ ಹೇಳು. ಗೋಳು ಆಮೇಲೆ" ಎಂದು ಗದರಿಸುತ್ತಿದ್ದಳು. ಇಂದ, ಗೆ ಎರಡೂ ನೆಟ್ಟಗೆ ಬಿದ್ದರೆ ನಡುವಿನ ಗೋಳು ತಾನೇ ದಾರಿ ಹಿಡಿದು ಹೋಗುತ್ತದೆ ಎಂಬುದು ಅವಳ ಲೆಕ್ಕ. ಹೆಂಗಸರು ಕಣ್ಣೊರೆಸಿಕೊಂಡು ತಮ್ಮ ಹೆಸರು, ಗಂಡನ ಹೆಸರು, ಊರು ಎಂದು ಶುರು ಮಾಡುವಷ್ಟರಲ್ಲಿ ಅಳುವೂ ನಿಂತಿರುತ್ತಿತ್ತು.

ಆಮೇಲೆ ಕಾಲ ತಿರುಗಿತು. ಎಲ್ಲ ಅರ್ಜಿಯೂ ಕಂಪ್ಯೂಟರಿನಲ್ಲೇ ಹೋಗಬೇಕು ಎಂದಾಯಿತು. ಮರದ ಕೆಳಗಿನ ಗಂಡಸರು ಒಬ್ಬೊಬ್ಬರೇ ಮೇಜು ಎತ್ತಿದರು. ಇವಳು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಳು, ತಲೆ ನರೆತ ಮೇಲೆ ಹುಡುಗಿಯರ ನಡುವೆ ಕುಂತು ಕನ್ನಡ ಟೈಪಿಂಗು ಕಲಿತಳು, ಒಂದು ಕಂಪ್ಯೂಟರು ತಂದಳು. ಆಗ ನಾನೂ ನನ್ನ ವೀಳ್ಯದೆಲೆಯ ಬುಟ್ಟಿ ಎತ್ತಿಕೊಂಡು ಹೋಗಿ ಅವಳ ಬಾಗಿಲ ಕಟ್ಟೆಯ ಮೇಲೆ ಕುಂತೆ. ಪ್ರೀತಿಗಲ್ಲ, ನೆರಳಿಗೆ. ಅವಳ ಗಿರಾಕಿಗಳು ನನ್ನ ಎಲೆಗೂ ಗಿರಾಕಿಗಳಾಗುತ್ತಾರೆ ಎಂಬ ಆಸೆಯೂ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಅವಳು ಹೊರಗೆ ಬಂದು, ಕೇಳದೆ, ನನ್ನ ಬುಟ್ಟಿಯ ಎಲ್ಲಕ್ಕಿಂತ ಎಳೆಯ ಎಲೆಯನ್ನೇ ಆರಿಸಿ ಬಾಯಿಗೆ ಹಾಕಿಕೊಂಡು ಒಳಗೆ ಹೋಗುತ್ತಿದ್ದಳು. ದಿನಾ ಒಂದೇ ಎಲೆ. ಎರಡನೆಯದು ತೆಗೆದವಳಲ್ಲ.

ಕೆಲವು ವರ್ಷಕ್ಕೆ ಆ ಕಂಪ್ಯೂಟರಿನ ಪೆಟ್ಟಿಗೆ ಕೆಟ್ಟಿತು. ಹೊಸ ಪೆಟ್ಟಿಗೆ, ಅದರ ಜೊತೆಗೆ ತೆಳ್ಳನೆಯ ಹೊಸ ಮಾನಿಟರ್ ಬಂದವು. ಹಳೆಯ ಮಾನಿಟರ್ ಕೆಟ್ಟಿರಲಿಲ್ಲ. ಚೌಕ ಮುಖದ್ದು, ದಪ್ಪ ಕಾಲಿನದು. ಅದನ್ನು ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. "ಗುಜರಿಗೆ ಹಾಕಲೇ" ಅಂದೆ. "ಕಣ್ಣು ಚೆನ್ನಾಗೈತೆ ಅಕ್ಕ ಅದರದ್ದು" ಅಂದಳು.

ಈಗ ನಮ್ಮೂರ ಹೆಸರಿನ ಸಂಗತಿ ಹೇಳಬೇಕು. ಕೊಟ್ಟೂರು ಸೀಮೆಯಲ್ಲಿ ದೇವರ ಹೆಸರಿಡದ ಮನೆ ಇಲ್ಲ. ಕೊಟ್ರಪ್ಪ, ಕೊಟ್ರೇಶ, ಕೊಟ್ರಗೌಡ, ಕೊಟ್ರಮ್ಮ, ಕೊಟ್ರಬಸಪ್ಪ. ಸಂತೆಯಲ್ಲಿ ನಿಂತು ಕೊಟ್ರಾ ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ಕಂಪ್ಯೂಟರಿಗೆ ಒಂದು ಚಾಳಿ ಇತ್ತು. ಹಿಂದೆ ಹೊಡೆದ ಹೆಸರುಗಳನ್ನೆಲ್ಲ ನೆನಪಿಟ್ಟುಕೊಂಡು, 'ಕೊಟ್ರ' ಎಂದು ಹೊಡೆದ ಕೂಡಲೇ ಆ ಎಲ್ಲ ಕೊಟ್ರರನ್ನೂ ಒಬ್ಬರ ಕೆಳಗೊಬ್ಬರನ್ನು ಸಾಲು ನಿಲ್ಲಿಸಿ, ಇವನೋ, ಇವನೋ ಎಂದು ಕೇಳುತ್ತಿತ್ತು. ಬೇಕಾದವನ ಮೇಲೆ ಬಾಣದ ಗುರುತು ಇಟ್ಟು ಒತ್ತಿದರೆ ಸಾಕು.

ಹೊಸಹಳ್ಳಿ ಕಡೆಯ ಒಬ್ಬ ಕುರಿ ಸಾಕುವ ಮುದುಕ ಬಂದ. ಕೊಟ್ರಪ್ಪ. ಅವನ ತಮ್ಮ ಕೊಟ್ರಬಸಪ್ಪ. ಅಪ್ಪನ ಹೊಲದಲ್ಲಿ ಅಣ್ಣನ ಪಾಲಿಗೆ ಬಂದ ಎರಡೆಕರೆಗೆ ಅಣ್ಣನ ಹೆಸರು ಏರಿಸಲು ಅರ್ಜಿ. ಅವಳು ಮಾಡಿ, ಪ್ರತಿ ತೆಗೆದುಕೊಟ್ಟಳು. ಅವತ್ತು ಬೆಂಚಿನ ತುಂಬ ಮಂದಿ ಇದ್ದರು. ಪ್ರತಿಯನ್ನು ಓದಿ ಹೇಳಲಿಲ್ಲ. ಮುದುಕ ಅದನ್ನು ಊರಿಗೆ ಒಯ್ದು ಯಾರಿಂದಲೋ ಓದಿಸಿದ. ಅಣ್ಣನ ಹೆಸರಿರುವಲ್ಲಿ ತಮ್ಮನ ಹೆಸರು ಕುಂತಿತ್ತು. ಸಾಲಿನಲ್ಲಿ ಒಂದು ಹೆಸರು ಕೆಳಗೆ ಒತ್ತಿಬಿಟ್ಟಿದ್ದಳು.

ಮರುದಿನ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದ. ನಾನು ಕಟ್ಟೆಯ ಮೇಲೇ ಇದ್ದೆ.

"ಏನವ್ವಾ, ನಮ್ಮ ತಮ್ಮ ಬಂದು ಏನು ಹೇಳಿ ಹೋದ ನಿನಗ?"

ಅವಳು ಪ್ರತಿಯನ್ನು ತೆಗೆದುಕೊಂಡು ನೋಡಿದಳು. "ನಿಮ್ಮ ತಮ್ಮನ್ನ ನಾನು ನೋಡೇ ಇಲ್ಲ ಯಜಮಾನ್ರೆ. ತಪ್ಪು ನಂದು. ಈಗ್ಲೇ ತಿದ್ತೀನಿ, ಕೂತ್ಕಳ್ರಿ."

"ತಿದ್ತಿ. ತಿದ್ದಿದ್ದು ನಾ ಹೆಂಗ ನೋಡ್ಲಿ? ಮೊದಲು ಕಾಗದ ನನ್ನ ಮುಂದ ಇಟ್ಟು ಬರೀತಿದ್ದಿ, ಬೆರಳು ಆಡಸ್ತಿದ್ದಿ. ಈಗ ಪೆಟಿಗಿ ಹಿಂದ ಕುಂತಿ. ನನಗ ಕಾಣೋದು ಅದರ ಬೆನ್ನು. ಬೆನ್ನು ನೋಡಿ ನಾ ಏನು ತಿಳ್ಕಳ್ಳಿ?"

ಅವನು ಕಾಗದ ಪತ್ರ ಎಲ್ಲ ಕಸಿದುಕೊಂಡು ಹೋದ. ಹೋಗುವಾಗ ಬೀದಿಗೆ ಕೇಳುವ ಹಾಗೆ, "ಈಕಿ ಕೈಯಾಗ ಬರಸಬ್ಯಾಡ್ರಿ, ಅಣ್ಣಂದು ತಮ್ಮಗ ಮಾಡ್ತಾಳ" ಎಂದ.

ಮುಂದಿನ ಸಂತೆಯ ದಿನ ಅವಳ ಬೆಂಚು ಖಾಲಿ. ಅದರ ಮುಂದಿನದೂ ಖಾಲಿ. ಹೊಸಹಳ್ಳಿ ಕಡೆಯವರು ಬಾಗಿಲ ತನಕ ಬಂದು, ನನ್ನ ಹತ್ತಿರ ಎಲೆ ಕೊಂಡು, ಮುಂದೆ ಹೋಗುತ್ತಿದ್ದರು. ಇಷ್ಟು ವರ್ಷ ಅವಳು ಬರೆದದ್ದನ್ನು ಯಾರೂ ಅನುಮಾನಿಸಿರಲಿಲ್ಲ. ಅವಳ ಹತ್ತಿರ ಇದ್ದದ್ದು ಅದೊಂದೇ: ಹೇಳಿದ್ದನ್ನೇ ಬರೆಯುತ್ತಾಳೆ ಎಂಬ ಮಾತು. ಆ ಮಾತು ಹೋದರೆ ಉಳಿಯುವುದು ಒಂದು ಕೋಣೆ, ಒಂದು ಕುರ್ಚಿ.

"ಮಂದಿ ನಾಕು ದಿನ ಆಡ್ಕಂತಾರ, ಬಿಡಲೇ" ಎಂದು ನಾನು ಹೇಳಿದೆ.

"ಅವನು ಸುಳ್ಳು ಹೇಳಿದ್ರೆ ಬಿಡ್ತಿದ್ದೆ ಅಕ್ಕ. ಬೆನ್ನು ಕಾಣ್ತು ಅಂದನಲ್ಲ, ಅದು ನಿಜ. ಇಷ್ಟು ದಿನ ನಾನು ಎಲ್ಲರಿಗೂ ಬೆನ್ನೇ ತೋರಿಸ್ಕಂಡು ಕೂತಿದೀನಿ. ನನಗೇ ಹೊಳೀಲಿಲ್ಲ."

ಅವತ್ತೇ ಅಟ್ಟ ಹತ್ತಿ ಹಳೆಯ ಮಾನಿಟರನ್ನು ಇಳಿಸಿದಳು. ಎಲೆ ಒರೆಸಲು ನಾನು ಇಟ್ಟುಕೊಂಡಿದ್ದ ಒದ್ದೆ ಬಟ್ಟೆ ಕಸಿದುಕೊಂಡು ಅದರ ಮುಖ ಒರೆಸಿದಳು. ಒಂದು ತನ್ನ ಕಡೆ, ಇನ್ನೊಂದು ಮಂದಿ ಕಡೆ. ತಾನು ಏನು ಹೊಡೆಯುತ್ತಾಳೋ ಅದು ಎರಡರಲ್ಲೂ ಕಾಣಬೇಕು. ಇದು ಅವಳ ಯೋಚನೆ. ಹೇಳುವುದಕ್ಕೆ ಎಷ್ಟು ಸುಲಭ.

ಹಳೆಯದರ ವೈರಿನ ತುದಿಗೆ ನೀಲಿ ತಲೆ. ಒಳಗೆ ಮೂರು ಸಾಲು ಸೂಜಿ, ಎರಡು ಕಡೆ ಕಿವಿಯ ಹಾಗೆ ತಿರುಪು. ಹೊಸ ಪೆಟ್ಟಿಗೆಯ ಬೆನ್ನಿಗೆ ಅಂಥ ತೂತೇ ಇಲ್ಲ. ಅಲ್ಲಿರುವುದೆಲ್ಲ ಚಪ್ಪಟೆ ಸೀಳು. ನಾನು ಇಣುಕಿ ನೋಡಿ, "ಇವೆರಡಕ್ಕ ಲಗ್ನ ಆಗಂಗಿಲ್ಲ ಬಿಡು" ಎಂದೆ.

"ನಡುವೆ ಮಾತಾಡಿಸೋನು ಒಬ್ಬ ಬೇಕು ಅಕ್ಕ" ಎಂದು ಮರುದಿನ ಹೊಸಪೇಟೆ ಬಸ್ಸು ಹತ್ತಿದಳು.

ಬೆರಳಿನಷ್ಟು ಉದ್ದದ ಒಂದು ಕೂಡಿಸುವ ತುಂಡು ತಂದಳು. ಒಂದು ತುದಿಗೆ ನೀಲಿ ತಲೆ, ಇನ್ನೊಂದು ತುದಿಗೆ ಚಪ್ಪಟೆ ಬಾಯಿ. ಆದರೆ ನೀಲಿ ತಲೆಯಲ್ಲೂ ಸೂಜಿ, ವೈರಿನ ತಲೆಯಲ್ಲೂ ಸೂಜಿ. ಅವಳು ಅದಕ್ಕೆ ಸೋಲಲಿಲ್ಲ. ಎರಡು ಕಡೆಯೂ ತೂತಿರುವ ಇನ್ನೊಂದು ಸಣ್ಣ ತುಂಡು ಊರಲ್ಲೇ ಹುಡುಕಿ ನಡುವೆ ಹಾಕಿದಳು. ಚಪ್ಪಟೆ ಕಡೆಗೂ ಒಂದು ವೈರು ಸಿಕ್ಕಿಸಿದಳು. ಎಲ್ಲ ಕೂಡಿತು. ಮಾನಿಟರಿನ ದೀಪ ಹತ್ತಿತು. ಮುಖದ ಮೇಲೆ ಒಂದು ಡಬ್ಬಿ ಬಂತು. "ಸಿಗ್ನಲ್ ಇಲ್ಲ ಅಂತೈತೆ" ಎಂದಳು. ತೆಗೆದಳು, ಹಾಕಿದಳು. ಮೂರು ದಿನ ಇದೇ. ಪಕ್ಕದ ಮೊಬೈಲ್ ಅಂಗಡಿಯವನು ಬಂದು ನೋಡಿ, "ಮಾನಿಟರ್ ಸತ್ತೈತ್ರಿ, ಎಸೀರಿ" ಎಂದ. ಅವಳು ಮತ್ತೆ ತೆಗೆದಳು, ಮತ್ತೆ ಹಾಕಿದಳು.

ಮೂರನೆಯ ದಿನ ಮಧ್ಯಾಹ್ನ ಎಲೆ ತೆಗೆದುಕೊಳ್ಳಲು ಹೊರಗೆ ಬಂದವಳು, ಬಿಸಿಲಿಗೆ ಆ ತುಂಡನ್ನು ಹಿಡಿದು ಕಣ್ಣು ಕಿರಿದು ಮಾಡಿ ನೋಡಿದಳು. ಅದರ ಮೇಲೆ ಇರುವೆಯಂಥ ಅಕ್ಷರದಲ್ಲಿ ಏನೋ ಬರೆದಿತ್ತು, ನಡುವೆ ಒಂದು ಬಾಣ. ನೋಡುತ್ತ ನೋಡುತ್ತ ನಗಲು ಶುರು ಮಾಡಿದಳು. ಅವಳು ನಗುವುದೇ ಅಪರೂಪ. ನನಗೆ ಗಾಬರಿಯಾಯಿತು.

"ಏನಾತಲೇ?"

"ಅಕ್ಕ, ನನ್ನಂಥ ಕತ್ತೆ ಇಲ್ಲ. ಅಂಗಡೀಲಿ ಏನಂದೆ ಗೊತ್ತಾ? ಹಳೇದಕ್ಕೂ ಹೊಸದಕ್ಕೂ ಕೂಡಿಸೋದು ಕೊಡ್ರಿ ಅಂದೆ. ಅವನು ಹಳೇ ಪೆಟ್ಟಿಗೆಯಿಂದ ಹೊಸ ಟಿವಿಗೆ ಹೋಗೋದು ಕೊಟ್ಟಾನೆ. ನಂದು ಹೊಸ ಪೆಟ್ಟಿಗೆಯಿಂದ ಹಳೇ ಮಾನಿಟರಿಗೆ. ಇದರಾಗೆ ಒಂದೇ ಕಡೆ ಹರಿಯುತ್ತಂತೆ, ತಿರುಗಿ ಹರಿಯಲ್ಲ. ಊರಿಗೆಲ್ಲ ಇಂದ ಹೇಳು, ಗೆ ಹೇಳು ಅಂತ ಬೈಯೋಳು, ನಾನು ಇಂದಾನೂ ಹೇಳಲಿಲ್ಲ, ಗೇನೂ ಹೇಳಲಿಲ್ಲ!"

ಕುಂತಲ್ಲೇ ಒಂದು ಚೀಟಿ ಬರೆದಳು. ನನಗೆ ಓದಿ ಹೇಳಿದಳು. ಇಂದ: ಹೊಸ ಪೆಟ್ಟಿಗೆ, ಚಪ್ಪಟೆ ಬಾಯಿ. ಗೆ: ಹಳೆ ಮಾನಿಟರ್, ನೀಲಿ ತಲೆ, ಹದಿನೈದು ಸೂಜಿ. ವಿಷಯ: ನಡುವಿನ ತುಂಡು ಬದಲಿಸಿ ಕೊಡುವ ಬಗ್ಗೆ. ಕೆಳಗೆ ಸಹಿ. ಅದನ್ನು ತೆಗೆದುಕೊಂಡು ಮತ್ತೆ ಹೊಸಪೇಟೆಗೆ ಹೋದಳು. ಅಂಗಡಿಯವನು ಎರಡು ಸಲ ಓದಿ, "ಅಮ್ಮಾ, ಇಷ್ಟು ನೆಟ್ಟಗ ನನ್ನನ್ನ ಯಾರೂ ಕೇಳಿಲ್ರಿ" ಎಂದು ಬದಲಿಸಿಕೊಟ್ಟನಂತೆ. ಚೀಟಿಯನ್ನು ತಾನೇ ಇಟ್ಟುಕೊಂಡನಂತೆ, ಮುಂದೆ ಬರುವ ಗಿರಾಕಿಗಳಿಗೆ ತೋರಿಸಲು. ಇದನ್ನು ಅವಳು ನನಗೆ ಮೂರು ಸಲ ಹೇಳಿದಳು. ಮೂರು ಸಲವೂ ನಾನು ಮೊದಲ ಸಲ ಕೇಳಿದವಳ ಹಾಗೆ ಕೇಳಿದೆ.

ಹೊಸ ತುಂಡು ಹಾಕಿದ ಕೂಡಲೇ ಮಾನಿಟರ್ ಕಣ್ಣು ಬಿಟ್ಟಿತು. ಆದರೆ ಕಾಮಾಲೆ ಹತ್ತಿದವರ ಕಣ್ಣು. ಬೆಳ್ಳಗಿರಬೇಕಾದದ್ದೆಲ್ಲ ಹಳದಿ. ಅವಳು ನೀಲಿ ತಲೆಯನ್ನು ಬಿಚ್ಚಿ ನೋಡಿದಳು. ಒಂದು ಸೂಜಿ ಬಾಗಿ ಮಲಗಿತ್ತು. ಬರೆದು ಮುಗಿದ ಪೆನ್ನಿನ ಖಾಲಿ ಕಡ್ಡಿ ತೆಗೆದುಕೊಂಡು, ಅದರ ತೂತಿನೊಳಗೆ ಸೂಜಿಯ ತುದಿ ಬರುವ ಹಾಗೆ ಇಟ್ಟು, ಉಸಿರು ಹಿಡಿದು ಮೆಲ್ಲಗೆ ಎಬ್ಬಿಸಿದಳು. ಒತ್ತಿದರೆ ಮುರಿಯುತ್ತಿತ್ತು. ನಾನಾಗಿದ್ದರೆ ಮುರಿಯುತ್ತಿದ್ದೆ. ಮತ್ತೆ ಸಿಕ್ಕಿಸಿದಾಗ ಮಾನಿಟರ್ ಹಾಲಿನ ಹಾಗೆ ಬೆಳ್ಳಗಿತ್ತು.

ಅಷ್ಟಕ್ಕೂ ಮುಗಿಯಲಿಲ್ಲ. ಮಂದಿ ಕಡೆಯದರಲ್ಲಿ ಬರೀ ಹುಲ್ಲು, ಗುಡ್ಡದ ಚಿತ್ರ. ಅರ್ಜಿ ಅವಳ ಕಡೆಯದರಲ್ಲಿ ಮಾತ್ರ. ಬಾಣದ ಗುರುತು ಅವಳ ಮಾನಿಟರಿನ ಅಂಚು ದಾಟಿ ಈ ಕಡೆಯದಕ್ಕೆ ಇಳಿಯುತ್ತಿತ್ತು, ಅಕ್ಕಪಕ್ಕದ ಹೊಲದ ಹಾಗೆ. "ಎರಡನ್ನೂ ಕೂಡಿಸಿ ಒಂದು ದೊಡ್ಡ ಹೊಲ ಮಾಡೈತೆ ಇದು. ನನಗೆ ಒಂದೇ ಹೊಲ ಎರಡು ಕಡೆ ಕಾಣಬೇಕು" ಎಂದು ಹೊಸಪೇಟೆಯವನಿಗೆ ಫೋನು ಹಚ್ಚಿದಳು. ಅವನು, "ಕಿಟಕಿ ಗುರುತಿನ ಗುಂಡಿ ಒತ್ತಿ ಹಿಡ್ಕಂಡು, ಪಿ ಅಂಬೋದು ಒತ್ರಿ. ನಾಕು ಬರ್ತಾವ. ಎರಡನೇದು ಆರಸ್ರಿ" ಎಂದ. ಆರಿಸಿದಳು. ಅರ್ಜಿ ಎರಡು ಕಡೆಯೂ ಬಂತು ಅನ್ನುವಷ್ಟರಲ್ಲಿ ಹಳೆಯದು ಕಪ್ಪಾಯಿತು. ಹೊಸ ಮಾನಿಟರಿನ ಅಳತೆ ಹಳೆಯದಕ್ಕೆ ಹೆಚ್ಚಾಗಿತ್ತು. ಅಷ್ಟು ನನ್ನ ಕೈಲಾಗದು ಎಂದು ಬರೆದು ತೋರಿಸಿತು. ಅವಳು ಅಳತೆ ಇಳಿಸುತ್ತ ಬಂದಳು. ಹಳೆಯದಕ್ಕೆ ಸರಿಯಾದ ಅಳತೆಗೆ ಬಂದಾಗ ಅದರಲ್ಲಿ ಅಕ್ಷರ ದುಂಡಗೆ, ದಪ್ಪಗೆ ನಿಂತವು. ಅವಳ ಕಡೆಯ ಹೊಸದರಲ್ಲಿ ಅವೇ ಅಕ್ಷರ ಹಿಗ್ಗಿ ಮಸುಕಾದವು.

"ನಿಂದು ಮಸಕಾತಲ್ಲಲೇ" ಎಂದೆ.

"ನನಗೆ ಗೊತ್ತೈತಲ್ಲ ಏನು ಹೊಡೀತೀನಿ ಅಂತ. ನನ್ನ ಕಡೆ ಮಸುಕಾದ್ರೆ ಆಗ್ಲಿ. ಅವರ ಕಡೆ ನೆಟ್ಟಗಿರಲಿ."

ಆಮೇಲೆ ಸಾಯುವ ತನಕ ಅವಳು ಮಸುಕು ಮಾನಿಟರಿನ ಮುಂದೆಯೇ ಕುಂತಳು. ಹೊಸದರ ಹಣೆಬರಹ ಅದು. ಹಳೆಯದು ಬೆಂಚಿನ ಕಡೆ ಮುಖ ಮಾಡಿ, ಸಾಹೇಬನ ಹಾಗೆ ನಿಂತಿತ್ತು.

ಈಗ ಕೊಟ್ರಪ್ಪನನ್ನು ಕರೆತರುವ ಕೆಲಸ. ಅದು ನನ್ನದಾಯಿತು. ಅವನು ಸಂತೆ ದಿನ ನನ್ನ ಹತ್ತಿರವೇ ಎಲೆ ಕೊಳ್ಳುವವನು. ಬಂದ. ನಾನು ಎಲೆ ಎಣಿಸುವುದು ಬಿಟ್ಟು ಅವನ ರಟ್ಟೆ ಹಿಡಿದೆ. "ಎಲಿ ಆಮ್ಯಾಲೆ. ಒಳಗ ಬಾ."

"ಬಿಡಬೇ ಕೈ! ಆಕಿ ಮುಖ ನಾ ನೋಡಾಂಗಿಲ್ಲ."

"ಆಕಿ ಮುಖ ನೋಡು ಅಂತ ಯಾರಂದ್ರು? ಪೆಟಿಗಿ ಬೆನ್ನು ಕಾಣ್ತು ಅಂದಿದ್ಯಲ್ಲ, ಈಗ ಹೊಟ್ಟಿ ನೋಡು ಬಾ."

ಕಂಬಳಿ ಹೆಗಲಿಗೇರಿಸಿಕೊಂಡು ಬಂದು ಬೆಂಚಿನ ತುದಿಗೆ ಕುಂತ. ಬೆಂಚಿನ ಮೇಲೆ ಇನ್ನೂ ಇಬ್ಬರು ಮೂವರಿದ್ದರು. ಬಾಗಿಲಲ್ಲಿ ನೋಡಲು ನಿಂತವರು ಬೇರೆ. ಅವನು ಮಾನಿಟರನ್ನು ನೋಡಿ ಮೀಸೆಯಡಿ ನಕ್ಕ. "ಟಿವಿ ಹಚ್ಚೀದಿ. ಓದಾಕ ಬರದಾಂವಗ ಹಚ್ಚಿದ್ರೇನು, ಬಿಟ್ರೇನು? ಅಲ್ಲೂ ನೀ ಹೇಳಿದ್ದೇ ಖರೆ."

ಹೌದಲ್ಲ. ಹದಿನೈದು ದಿನ ಇಷ್ಟೆಲ್ಲ ಒದ್ದಾಡಿ, ಓದಲು ಬರದವರ ಮುಂದೆ ಅಕ್ಷರ ನಿಲ್ಲಿಸಿ ಏನು ಬಂತು? ನಾನೂ ಓದಲು ಬರದವಳೇ.

ಅವಳು ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು.

"ಯಜಮಾನ್ರೆ, ಕುರಿ ಎಷ್ಟದಾವೆ ನಿಮ್ಮವು?"

"ಯಾಕ?"

"ಹಟ್ಟಿಗೆ ಬಂದಾಗ ಎಣಿಸ್ತೀರೋ ಇಲ್ಲೋ?"

"ಎಣಸದ ಬಿಡ್ತೀನೇನು?"

"ಹಂಗಾದ್ರೆ ಅಕ್ಷರಾನೂ ಎಣಿಸ್ರಿ. ನಿಮ್ಮ ಹೆಸರು ಬಾಯಲ್ಲಿ ಹೇಳ್ರಿ, ಬಿಡಿಸಿ ಬಿಡಿಸಿ. ಒಂದಕ್ಕೊಂದು ಬೆರಳು ಮಡಚ್ರಿ."

ಅವನು ಹುಡುಗಾಟ ಎಂದುಕೊಂಡ. ಆದರೂ ಕೈ ಎತ್ತಿದ. "ಕೊ. ಟ್ರ. ಪ್ಪ." ಮೂರು ಬೆರಳು ಮಡಚಿದವು.

"ನಿಮ್ಮ ತಮ್ಮಂದು?"

"ಕೊ. ಟ್ರ. ಬ. ಸ. ಪ್ಪ." ಕೈಯ ಬೆರಳೆಲ್ಲ ಮುಗಿದವು.

ಅವಳು ಅಕ್ಷರವನ್ನು ಇನ್ನಷ್ಟು ದಪ್ಪ ಮಾಡಿ, ಮೊದಲು ತಮ್ಮನ ಹೆಸರು ಹೊಡೆದಳು. ಮುದುಕ ಎದ್ದು ಹೋಗಿ ಮಾನಿಟರಿನ ಮುಖದ ಮೇಲೇ ಬೆರಳಿಟ್ಟ. ಒಂದು, ಎರಡು, ಮೂರು, ನಾಲ್ಕು, ಐದು. "ಇದು ಅವನು" ಎಂದ. ಅವಳು ಅಳಿಸಿದಳು. ಮತ್ತೆ ಹೊಡೆದಳು. ಒಂದು, ಎರಡು, ಮೂರು. ಅವನು ಹೊರಳಿ ಮತ್ತೊಮ್ಮೆ ಎಣಿಸಿದ. ಹಟ್ಟಿಯ ಬಾಗಿಲಲ್ಲಿ ಕುರಿ ಎಣಿಸುವವನ ಹಾಗೆ ತುಟಿ ಆಡಿಸುತ್ತ ಎಣಿಸಿದ.

"ಹ್ಞಾಂ. ಇದು ನಾನು."

ಕಂಬಳಿಯೊಳಗಿಂದ ಕಾಗದದ ಕಟ್ಟು ತೆಗೆದು ಅವಳ ಮೇಜಿನ ಮೇಲೆ ಇಟ್ಟ. ಬೇರೆ ಕಡೆ ಇನ್ನೂ ಕೊಟ್ಟೇ ಇರಲಿಲ್ಲ. "ಬರಿಯವ್ವ. ನಾ ಎಣಸ್ತೀನಿ" ಎಂದು ಅಲ್ಲೇ ನಿಂತ. ಬೀದಿಯಲ್ಲಿ ಆಡಿದ ಮಾತಿಗೆ ತಪ್ಪಾಯಿತು ಎಂದು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಮುಂದಿನ ಸಂತೆಗೆ ತನ್ನ ಹಟ್ಟಿಯ ಏಳು ಮಂದಿಯನ್ನು ಕರೆದುಕೊಂಡು ಬಂದ. ಅವರಲ್ಲಿ ತಮ್ಮನೂ ಇದ್ದ. ಬರುವಾಗಲೇ ಬೆರಳು ಮಡಚಿಕೊಂಡು ಬಂದಿದ್ದರು.

ಆಮೇಲೆ ಅದು ನಮ್ಮ ಸೀಮೆಗೆ ಒಂದು ಪದ್ಧತಿಯೇ ಆಯಿತು. ತಂಬ್ರಹಳ್ಳಿಯಿಂದ ಬಂದ ಹೆಂಗಸು ಬಾಗಿಲಲ್ಲೇ, "ನಂದು ನಾಕು, ನಮ್ಮ ಮನಿಯವ್ರದು ಮೂರು" ಎಂದು ಒದರುತ್ತಿದ್ದಳು. ನಿಂದೆಷ್ಟು, ನಂದೆಷ್ಟು ಎಂದು ಬೆಂಚಿನ ಮೇಲೆ ಜಗಳ. ಆರು ಅಕ್ಷರದವನು ಮೂರು ಅಕ್ಷರದವನನ್ನು ಹೀಯಾಳಿಸುವುದು. ನೆಗೆಣ್ಣಿ ಒಬ್ಬೊಬ್ಬರ ಹೆಸರನ್ನೂ ದಪ್ಪ ಮಾಡಿ ತೋರಿಸಿ, ಅವರು ಹೌದು ಅಂದ ಮೇಲೇ ಮುಂದೆ ಹೋಗುತ್ತಿದ್ದಳು. ಹೆಸರು ಸಾಲು ನಿಲ್ಲಿಸುವ ಚಾಳಿಯನ್ನು ಬಿಡಿಸಬಹುದಂತೆ. ಅವಳು ಬಿಡಿಸಲಿಲ್ಲ. "ಇರಲಿ, ತಪ್ಪದಂಗೆ ಮಂದಿ ನನ್ನನ್ನ ಕಾಯ್ತಾರೆ" ಅನ್ನುತ್ತಿದ್ದಳು.

ನಾನು ಕುಂತ ಕಟ್ಟೆಯಿಂದ ಆ ಮಾನಿಟರ್ ಸೀದಾ ಕಾಣುತ್ತಿತ್ತು. ದಿನವಿಡೀ ಅದರಲ್ಲಿ ಕೊಟ್ರಪ್ಪ, ಕೊಟ್ರಮ್ಮ, ಕೊಟ್ರೇಶ. ಎಣಿಸುತ್ತ ಎಣಿಸುತ್ತ ಮೊದಲ ಅಕ್ಷರದ ಮುಖ ನನಗೆ ಗುರುತಾಯಿತು. ಎಲ್ಲರ ಹೆಸರಿನ ತಲೆಯಲ್ಲೂ ಅದೇ ಕೊ. ಆಮೇಲೆ ಟ್ರ. ಆಮೇಲೆ ಅಪ್ಪಂದಿರಿಗೆಲ್ಲ ಪ್ಪ, ಅಮ್ಮಂದಿರಿಗೆಲ್ಲ ಮ್ಮ. ನಾನು ಯಾರನ್ನೂ ಕೇಳಲಿಲ್ಲ, ಅವಳೂ ಕಲಿಸುತ್ತೇನೆ ಎಂದು ಹೇಳಲಿಲ್ಲ. ಆದರೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಆ ಮಾನಿಟರಿನಲ್ಲಿ ಒಂದೊಂದೇ ದೊಡ್ಡ ಅಕ್ಷರ ಬಂದು ನಿಲ್ಲತೊಡಗಿತು. ಎ. ಲೆ. ಎಲೆ. ಅವಳು ಒಳಗೆ ತಲೆ ತಗ್ಗಿಸಿ ಬೇರೇನೋ ಮಾಡುವವಳ ಹಾಗೆ ಕುಂತಿರುತ್ತಿದ್ದಳು. ನಾನೂ ನೋಡದವಳ ಹಾಗೆ ನೋಡುತ್ತಿದ್ದೆ. ಅರವತ್ತು ದಾಟಿದ ಮೇಲೆ ನನ್ನ ಶಾಲೆ ಹೀಗೆ ನಡೆಯಿತು. ಇವತ್ತು ನಾನು ಇದನ್ನು ಕೂಡಿಸಿ ಕೂಡಿಸಿ ಬರೆಯುತ್ತಿದ್ದರೆ ಅದು ಅಲ್ಲಿ ಕಲಿತದ್ದು. ಬೇರೆ ಗುರು ನನಗಿಲ್ಲ.

ಒಂದು ದಿನ ಒಬ್ಬ ಹೆಂಗಸಿನ ವಿಧವಾ ವೇತನದ ಅರ್ಜಿ ಹೊಡೆಯುತ್ತಿದ್ದಳು. ಗಂಡನ ಹೆಸರು ಕೊಟ್ರೇಶ. ಆ ಹೆಂಗಸು ಗಂಡ ಹೋದ ದುಃಖದಲ್ಲಿ ಮಾನಿಟರಿನ ಕಡೆ ಕಣ್ಣೆತ್ತಲಿಲ್ಲ. ಕಟ್ಟೆಯಿಂದ ನನಗೆ ಕಂಡಿತು. ಮೂರು ಇರಬೇಕಾದಲ್ಲಿ ನಾಲ್ಕು. ಕೊನೆಯಲ್ಲಿ ಪ್ಪ.

"ಲೇ! ಶಕ್ಕ ಮುಗೀಬೇಕು, ಮುಂದ ಪ್ಪ ಬಿದ್ದೈತಿ ನೋಡು! ಕೊಟ್ರೇಶಪ್ಪ ಆಗ್ಯಾನ!"

ಅವಳು ತನ್ನ ಮಸುಕು ಮಾನಿಟರಿಗೆ ಮೂಗು ತಾಗಿಸಿ ನೋಡಿದಳು. ತಿದ್ದಿದಳು. ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವ ಹಾಗೆ, "ನಮ್ಮಕ್ಕ ಹಿಡಿದ್ಲು" ಎಂದಳು. ಅವತ್ತು ಎಲೆ ತೆಗೆದುಕೊಳ್ಳಲು ಬಂದವಳು ಎರಡು ಎಲೆ ತೆಗೆದು ಒಂದನ್ನು ಸುಣ್ಣ ಹಚ್ಚಿ ನನ್ನ ಕೈಗಿಟ್ಟಳು. ನನ್ನ ಬುಟ್ಟಿಯದೇ ಎಲೆ, ನನಗೇ.

ಹೋದ ವರ್ಷ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಎದೆಗೆ ಕಫ ಕಟ್ಟಿತು, ಆಸ್ಪತ್ರೆಗೆ ಒಯ್ದೆವು, ಐದನೆಯ ದಿನ ಹೋದಳು. ನನಗಿಂತ ಎಂಟು ವರ್ಷ ಸಣ್ಣವಳು. ಮಣ್ಣಿಗೆ ಬಂದ ಮಂದಿಯನ್ನು ನೋಡಿ ಮೈದುನ ಹೋದಾಗ ಇಷ್ಟು ಮಂದಿ ಇರಲಿಲ್ಲ ಎಂದುಕೊಂಡೆ. ಕೊಟ್ರಪ್ಪ ಕಂಬಳಿ ಹಾಸಿ ದಿನವೆಲ್ಲ ಕುಂತಿದ್ದ. ನಾನು ಅಳಲಿಲ್ಲ. ಅಳುವವರನ್ನು ಅವಳೇ 'ಗೋಳು ಆಮೇಲೆ' ಎಂದು ಗದರಿಸುತ್ತಿದ್ದಳಲ್ಲ.

ಸಾವಿನ ದಾಖಲೆ ಮಾಡಿಸಲು ನಾನೂ ನನ್ನ ಮಗನೂ ಹೋದೆವು. ಕಚೇರಿಯಲ್ಲಿ ಮೇಜಿನ ಹಿಂದೆ ಒಬ್ಬ ಹುಡುಗ, ಕಂಪ್ಯೂಟರಿನ ಬೆನ್ನು ನಮ್ಮ ಕಡೆ. ಮಗ ಮೊದಲೇ ಫಾರಂ ತುಂಬಿ ಕೊಟ್ಟಿದ್ದ. ಹುಡುಗ ಅದನ್ನು ನೋಡಿ ನೋಡಿ ಹೊಡೆದ. ಮುಗಿಸಿ, ಒತ್ತಲು ಬೆರಳೆತ್ತಿದ.

"ತಮ್ಮಾ, ಅದನ್ನ ಈ ಕಡಿ ತಿರುಗಸಪ್ಪ" ಎಂದೆ.

"ಯಾಕಜ್ಜಿ?"

"ನೋಡ್ತೀನಿ."

ಒಳ್ಳೆಯ ಹುಡುಗ. ತಿರುಗಿಸಿದ. ಹೆಸರು ಎಣಿಸಿದೆ, ಓದಿದೆ. ಸರಿ ಇತ್ತು. ಗಂಡನ ಹೆಸರು ಸರಿ. ಊರು ಸರಿ. ಅದರ ಕೆಳಗೆ ಉದ್ಯೋಗ ಎಂದಿತ್ತು. ಕೂಡಿಸಿ ಓದಿದೆ. ಮ. ನೆ. ಗೆ. ಲ. ಸ.

ಮಗನ ಕಡೆ ತಿರುಗಿದೆ. "ಇದನ್ನ ಯಾರು ಬರದ್ರು?"

"ನಾನವ್ವ. ಹೆಂಗಸರಿಗೆಲ್ಲ ಹಂಗ ಹಾಕ್ತಾರ."

"ನಿನ್ನ ಶಾಲಿ ಕಾಗದ, ನಿನ್ನ ಹೊಲದ ಕಾಗದ, ನಿನ್ನ ಮಗಳ ಸ್ಕಾಲರ್‌ಶಿಪ್ಪು, ಎಲ್ಲಾ ಆಕಿ ಬರದದ್ದು. ಮನಿಗೆಲಸ ಅಂತ ಬರೀತಿ ಏನು?"

ಮಗ ತಲೆ ತಗ್ಗಿಸಿದ. ಹುಡುಗ ಮೆಲ್ಲಗೆ, "ಏನಂತ ಹಾಕ್ಲಿ ಅಜ್ಜಿ?" ಎಂದ.

"ಅರ್ಜಿ ಬರೆಯೋದು ಆಕಿ ಕೆಲಸ. ಅದನ್ನ ಹಾಕು."

ಅವನು ಹೊಡೆದ. ನಾನು ಒಂದೊಂದೇ ಅಕ್ಷರ ಬರುವುದನ್ನು ನೋಡಿದೆ. ಅರ್ಜಿ ಬರೆಯುವವಳು. ಒಂದೂ ತಪ್ಪಿರಲಿಲ್ಲ. ಆದರೂ ನನ್ನ ಬೆರಳು ಕೊನೆಯ ಅಕ್ಷರದ ಮೇಲೆ ಹೋಗಿ ನಿಂತಿತು. ನಲವತ್ತು ವರ್ಷ ನಾನು ಅವಳನ್ನು ಅವಳು ಎಂದೇ ಕರೆದವಳು. ಇಲ್ಲಿ ಬರೆಯುವಾಗಲೂ ಹಾಗೇ ಬರೆದಿದ್ದೇನೆ. ನನ್ನ ತಂಗಿ, ನನ್ನ ಬಾಯಿ, ನಡೆಯುತ್ತದೆ. ಸರಕಾರದ ಕಾಗದದಲ್ಲಿ ನಡೆಯುವುದಿಲ್ಲ.

"ಳು ಬ್ಯಾಡ. ರು ಹಾಕು."

"ಒಂದ ಅಕ್ಷರ ಅಲ್ಲೇನಜ್ಜಿ?"

"ಹೌದು. ಅದನ್ನೇ ಹಾಕು."

ಅಳಿಸಿದ. ಹಾಕಿದ. ನಾನು ಮೊದಲಿಂದ ಮತ್ತೊಮ್ಮೆ ಓದಿದೆ, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ. ಅರ್ಜಿ ಬರೆಯುವವರು.

"ಹೌದು. ಈಗ ಒತ್ತು" ಎಂದೆ.